ಮ್ಯಾಚಿನ ನಡುವೆ ನೀರು ಕುಡಿದರೆ ದಮ್ಮು ಹೋಗ್ತದೇನು?

ಪ್ರಶ್ನೆ: "ನಾನು ಜಮಖಂಡಿ ಕಡಿಯಾಂವರಿ. ಊರ ತಂಡದಾಗ ಕಬಡ್ಡಿ ಆಡ್ತೀನಿ, ರೇಡರ್. ಹಾಫ್‌ಟೈಮಿನ್ಯಾಗ ನೀರಿನ ಬಾಟ್ಲಿಗೆ ಕೈ ಹಾಕಿದ್ರ ಹಿರಿಯಾರು ಬೈತಾರ. 'ಹೊಟ್ಟಿ ಭಾರ ಆಗ್ತೈತಿ, ದಮ್ಮು ಹೋಗ್ತೈತಿ, ಬರೇ ಬಾಯಿ ಮುಕ್ಕಳಿಸಿ ಉಗುಳು' ಅಂತಾರ. ಆದ್ರ ಎರಡನೇ ಹಾಫಿನ್ಯಾಗ ನನಗ ಮೀನಖಂಡ ಹಿಡೀತಾವ, ಕಣ್ಣಿಗೆ ಕತ್ತಲಿ ಬರ್ತೈತಿ. ಕುಡೀಬೇಕೋ ಬ್ಯಾಡೋ?"

ಕುಡೀರಿ. ಆದರೆ ನಿಮ್ಮ ಹಿರಿಯರ ಮಾತನ್ನು ಪೂರ್ತಿ ತೆಗೆದುಹಾಕಬೇಡಿ, ಅದರಲ್ಲಿ ಅರ್ಧ ಸತ್ಯ ಇದೆ. ಜೋರಾಗಿ ಆಡುವಾಗ ರಕ್ತ ಹೊಟ್ಟೆ ಬಿಟ್ಟು ಕಾಲಿಗೆ, ಚರ್ಮಕ್ಕೆ ಓಡಿರುತ್ತದೆ. ಆ ಹೊತ್ತಿನಲ್ಲಿ ಒಂದು ತಂಬಿಗೆ ನೀರು ಗಟಗಟ ಇಳಿಸಿದರೆ ಅದು ಹೊಟ್ಟೆಯಲ್ಲೇ ಗುಳುಗುಳು ಅನ್ನುತ್ತ ಕೂಡುತ್ತದೆ, ಪಕ್ಕೆ ಹಿಡಿಯುತ್ತದೆ. ಹಿರಿಯರು ಕಂಡದ್ದು ಅದನ್ನೇ. ತಪ್ಪು ಇದ್ದದ್ದು ನೀರಿನಲ್ಲಲ್ಲ, ಕುಡಿದ ರೀತಿಯಲ್ಲಿ.

ಕುಡಿಯದೇ ಇದ್ದರೆ ಆಗುವುದು ಇನ್ನೂ ಕೆಟ್ಟದ್ದು. ಬೆವರು ಬರುವುದು ರಕ್ತದೊಳಗಿನ ನೀರಿನಿಂದ. ನೀರು ಇಳಿದಷ್ಟೂ ರಕ್ತದ ಪ್ರಮಾಣ ಇಳಿಯುತ್ತದೆ. ಹೃದಯ ಒಂದೊಂದು ಬಡಿತಕ್ಕೆ ಕಡಿಮೆ ರಕ್ತ ತಳ್ಳುತ್ತದೆ, ಅದನ್ನು ಸರಿದೂಗಿಸಲು ಇನ್ನೂ ಜೋರಾಗಿ ಬಡಿದುಕೊಳ್ಳುತ್ತದೆ. ಅತ್ತ ಸ್ನಾಯು ರಕ್ತ ಕೇಳುತ್ತದೆ, ಇತ್ತ ಮೈ ತಣ್ಣಗಿಡಲು ಚರ್ಮವೂ ಅದನ್ನೇ ಕೇಳುತ್ತದೆ. ಇರುವುದು ಒಂದೇ ಹರವಿ, ಕೊಡ ಹಿಡಿದು ನಿಂತವರು ಇಬ್ಬರು. ಮೈತೂಕದ ಶೇಕಡ 2ರಷ್ಟು ನೀರು ಹೋದರೆ ದಮ್ಮಿನ ಆಟ ಕುಸಿಯುತ್ತದೆ ಎಂಬುದು ಕ್ರೀಡಾ ವೈದ್ಯರು ಸಾಮಾನ್ಯವಾಗಿ ಇಟ್ಟುಕೊಂಡ ಗೆರೆ. 60 ಕೆಜಿಯ ಹುಡುಗನಿಗೆ ಅದು 1.2 ಕೆಜಿ. ಅಂದರೆ ದಮ್ಮು ಕೆಡಿಸುವುದು ನೀರಲ್ಲ, ನೀರಿನ ಕೊರತೆ.

ನಮ್ಮ ಕಡೆ ಇದಕ್ಕೊಂದು ಮೋಸವೂ ಇದೆ. ವಿಜಯಪುರ, ಬಾಗಲಕೋಟೆಯ ಏಪ್ರಿಲ್ ಬಿಸಿಲು ಒಣ ಬಿಸಿಲು. ಬೆವರು ಕಣ್ಣಿಗೆ ಬೀಳುವ ಮೊದಲೇ ಆರಿಹೋಗುತ್ತದೆ. "ಏನ್ ಬೆವರೇ ಬಂದಿಲ್ಲಲೇ" ಅಂತ ಹುಡುಗರು ಅಂದುಕೊಳ್ಳುತ್ತಾರೆ. ಬನಿಯನ್ ತೆಗೆದು ಬೆನ್ನಿನ ಭಾಗ ನೋಡಿ: ನಕಾಶೆ ಬರೆದಂತೆ ಬಿಳಿ ಗೆರೆ. ಅದು ನಿಮ್ಮ ಮೈಯ ಉಪ್ಪು. ಮಳೆಗಾಲದ ಬೆಳಗಾವಿಯಲ್ಲಿ ಉಲ್ಟಾ. ಗಾಳಿಯೇ ಹಸಿ, ಬೆವರು ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆಯೇ ಹೊರತು ಆರುವುದಿಲ್ಲ. ಆರದ ಬೆವರು ಮೈ ತಂಪು ಮಾಡುವುದಿಲ್ಲ. ನೀರೂ ಹೋಯಿತು, ಕೆಲಸವೂ ಆಗಲಿಲ್ಲ.

ಎಷ್ಟು ಹೋಗುತ್ತದೆ ಅಂತ ಊಹೆ ಮಾಡಬೇಡಿ, ತೂಗಿ ನೋಡಿ. ಗೊಬ್ಬರದ ಅಂಗಡಿಯ ತಕ್ಕಡಿಯಾದರೂ ನಡೆದೀತು. ಆಟಕ್ಕೆ ಮುಂಚೆ ಒಮ್ಮೆ, ಆಟ ಮುಗಿಸಿ ಮೈ ಒರೆಸಿಕೊಂಡು ಇನ್ನೊಮ್ಮೆ. ಇಳಿದ ಒಂದೊಂದು ಕೆಜಿಯೂ ಹೆಚ್ಚುಕಡಿಮೆ ಒಂದು ಲೀಟರ್ ನೀರು. ನಾನು ಆಡುತ್ತಿದ್ದ ಕಾಲದಲ್ಲಿ ಜಾತ್ರೆಯ ಟೂರ್ನಮೆಂಟಿನಲ್ಲಿ ಒಂದೇ ರಾತ್ರಿ ಮೂರು ಮ್ಯಾಚ್ ಆಡಿ ತೂಗಿದಾಗ ಒಂದೂವರೆ ಕೆಜಿ ಇಳಿದಿದ್ದೆ. ನಡುವೆ ಎರಡು ಕಪ್ ಚಹಾ ಬಿಟ್ಟರೆ ಏನೂ ಕುಡಿದಿರಲಿಲ್ಲ. ಮೂರನೇ ಮ್ಯಾಚಿನಲ್ಲಿ ಬೋನಸ್ ಗೆರೆ ಎರಡಾಗಿ ಕಂಡಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ.

ಇನ್ನೊಂದು ಮಾತು. ನಮ್ಮ ಹುಡುಗರು ಒಣಗುವುದು ಅಂಗಣದಲ್ಲಲ್ಲ, ಅಂಗಣಕ್ಕೆ ಬರುವ ಮೊದಲೇ. ಮ್ಯಾಚು ರಾತ್ರಿ ಲೈಟಿನ ಬೆಳಕಿನಲ್ಲಿ ಇರಬಹುದು, ಆದರೆ ಬೆಳಗಿನಿಂದ ಹೊಲದಲ್ಲಿ ದುಡಿದು, ಮಧ್ಯಾಹ್ನ ಟಂಟಂನಲ್ಲಿ ಜೋತುಬಿದ್ದು ಬಂದಿರುತ್ತಾರೆ. ಮೊದಲ ರೇಡಿಗೆ ಹೋಗುವಾಗಲೇ ಕೊಡ ಅರ್ಧ ಖಾಲಿ. ಮೂತ್ರದ ಬಣ್ಣ ನೋಡಿಕೊಳ್ಳಿ: ತಿಳಿ ಹಳದಿ ಇದ್ದರೆ ಸರಿ, ಗಾಢವಾಗಿದ್ದರೆ ನೀರು ಸಾಲದು. ಆಟಕ್ಕೆ ನಾಲ್ಕು ತಾಸು ಮೊದಲು 300ರಿಂದ 400 ಮಿಲಿ ನಿಧಾನಕ್ಕೆ ಕುಡಿಯಿರಿ. ಆಗ ಅದು ರಕ್ತಕ್ಕೆ ಸೇರುತ್ತದೆ, ಹೆಚ್ಚಾದದ್ದು ಹೊರಗೆ ಹೋಗಲೂ ಸಮಯ ಇರುತ್ತದೆ.

ಕಬಡ್ಡಿಯಲ್ಲಿ 20 ನಿಮಿಷದ ಎರಡು ಹಾಫ್, ನಡುವೆ 5 ನಿಮಿಷ. ಆ ಐದು ನಿಮಿಷದಲ್ಲಿ ಒಂದು ಲೋಟ, ಸುಮಾರು 200 ಮಿಲಿ, ಗುಟುಕು ಗುಟುಕಾಗಿ. ಟೈಮ್‌ಔಟ್ ಸಿಕ್ಕರೆ ಎರಡು ಗುಟುಕು. ಮುಕ್ಕಳಿಸಿ ಉಗುಳಿದರೆ ಬಾಯಿಯ ಒಣಗು ಹೋಗುತ್ತದೆ, ಕಬಡ್ಡಿ ಕಬಡ್ಡಿ ಅಂತ ಉಸಿರು ಹಿಡಿಯುವವನಿಗೆ ಅದೂ ಒಂದು ಸುಖವೇ. ಆದರೆ ರಕ್ತಕ್ಕೆ ಒಂದು ಹನಿಯೂ ಸೇರುವುದಿಲ್ಲ.

ಬರೀ ನೀರು ಸಾಕೇ? ಒಂದು ತಾಸಿನೊಳಗಿನ ಆಟಕ್ಕೆ ಸಾಕು. ಸರಣಿ ಮ್ಯಾಚ್ ಇದ್ದರೆ, ಇಲ್ಲವೇ ವಿಜಯಪುರದ ಸೈಕಲ್ ಹುಡುಗರಂತೆ ಸೊಲ್ಲಾಪುರ ರಸ್ತೆಯಲ್ಲಿ ಗಂಟೆಗಟ್ಟಲೆ ತುಳಿಯುವವರಾದರೆ ಉಪ್ಪೂ ಬೇಕು. ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅದೇ ಸಣ್ಣ ಚಮಚದಲ್ಲಿ ಅರ್ಧ ಉಪ್ಪು, ಚಮಚ ಮಟ್ಟಸವಾಗಿರಲಿ. ರುಚಿಗೆ ಇಂಡಿ ಲಿಂಬೆ ಹಿಂಡಿ. ಉಪ್ಪು ಸಕ್ಕರೆ ಜೋಡಿಯಾಗಿ ಬಂದಾಗ ಸಣ್ಣ ಕರುಳು ಎರಡನ್ನೂ ಒಟ್ಟಿಗೆ ಒಳಗೆ ಬಿಟ್ಟುಕೊಳ್ಳುತ್ತದೆ, ಹಿಂದಿನಿಂದ ನೀರೂ ನುಸುಳುತ್ತದೆ. ಸಕ್ಕರೆ ಅತಿಯಾದರೆ ಕರುಳೇ ಮೈಯ ನೀರನ್ನು ತನ್ನತ್ತ ಎಳೆಯುತ್ತದೆ, ಕೋಲಾ ಬೇಡ ಅನ್ನುವುದು ಅದಕ್ಕೇ. ಅಂಗಡಿಯಲ್ಲಿ ಓಆರ್‌ಎಸ್ (ಇಂಥದ್ದೇ ಉಪ್ಪು-ಸಕ್ಕರೆ ದ್ರಾವಣ) ಅಂತ ಬರೆದುಕೊಂಡು ಮಾರುತ್ತಿದ್ದ ಸಿಹಿ ಪಾನೀಯಗಳಿಗೆ ಆ ಹೆಸರು ಹಾಕಬಾರದು ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಎಳನೀರು ಒಳ್ಳೆಯದು, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಬೆವರಿನಲ್ಲಿ ಹೋಗುವ ಸೋಡಿಯಂ, ಅಂದರೆ ಉಪ್ಪಿನ ಅಂಶ, ಕಡಿಮೆ. ಚಿಟಿಕೆ ಉಪ್ಪು ಸೇರಿಸಿ. ಬಿ.ಪಿ., ಮೂತ್ರಪಿಂಡದ ತೊಂದರೆ ಇದ್ದವರು ಉಪ್ಪಿನ ವಿಷಯದಲ್ಲಿ ಡಾಕ್ಟರರನ್ನು ಕೇಳಲಿ.

ಆಟ ಮುಗಿದ ಮೇಲೆ ಇಳಿದ ಒಂದು ಕೆಜಿಗೆ ಒಂದೂಕಾಲರಿಂದ ಒಂದೂವರೆ ಲೀಟರ್, ನಾಲ್ಕಾರು ತಾಸಿನಲ್ಲಿ. ಇದಕ್ಕೆ ಅಜ್ಜಿಯ ಜೋಳದ ಅಂಬಲಿಗಿಂತ ದೊಡ್ಡ ಔಷಧ ನನಗೆ ಗೊತ್ತಿಲ್ಲ: ನೀರು, ಹಿಟ್ಟು, ಉಪ್ಪು, ಮಜ್ಜಿಗೆ, ನಾಲ್ಕೂ ಒಂದೇ ವಾಟಗದಲ್ಲಿ. ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ಅದರ ಉಪ್ಪು ಕುಡಿದ ನೀರನ್ನು ಮೈಯಲ್ಲಿ ನಿಲ್ಲಿಸಿಕೊಳ್ಳುತ್ತದೆ. ಹಾಗಂತ ಬೆವರಿದ್ದಕ್ಕಿಂತ ಹೆಚ್ಚು ಬರೀ ನೀರು ತುಂಬಿಕೊಳ್ಳಬೇಡಿ. 2002ರ ಬಾಸ್ಟನ್ ಮ್ಯಾರಥಾನ್ ಓಡಿದವರಲ್ಲಿ 488 ಜನರ ರಕ್ತ ಪರೀಕ್ಷಿಸಿದಾಗ ಶೇಕಡ 13 ಜನರಲ್ಲಿ ಸೋಡಿಯಂ ಇಳಿದಿತ್ತು. ಓಟದಲ್ಲಿ ತೂಕ ಏರಿದವರಲ್ಲಿ, ಅಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದವರಲ್ಲಿ, ಅದು ಹೆಚ್ಚಾಗಿತ್ತು.

ನಿಮ್ಮ ಮೀನಖಂಡದ ವಿಷಯ: ಅದು ನೀರಿನದೊಂದೇ ಕಾರಣ ಅಲ್ಲ, ದಣಿದ ಸ್ನಾಯುವೂ ಹಾಗೆ ಹಿಡಿಯುತ್ತದೆ. ಕಾಲು ನೀಟ ಮಾಡಿ ಹೆಬ್ಬೆರಳನ್ನು ಮೊಣಕಾಲಿನತ್ತ ಎಳೆದು ಹಿಡಿಯಿರಿ. ಕಣ್ಣಿಗೆ ಕತ್ತಲೆ ಬರುವುದು ಮಾತ್ರ ಹಗುರ ಅಲ್ಲ. ಹಾಗಾದ ಕೂಡಲೇ ಹೊರಗೆ ಬನ್ನಿ. ಜೊತೆಯ ಆಟಗಾರ ಎಡವುತ್ತ, ಸಂಬಂಧವಿಲ್ಲದ ಮಾತಾಡುತ್ತ, ಮೈ ಸುಡುತ್ತಿದ್ದರೆ ಅದು ಬಿಸಿಲಿನ ಹೊಡೆತ. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬೇಡಿ. 108ಕ್ಕೆ ಫೋನ್ ಹಚ್ಚಿ, ನೆರಳಿಗೆ ಎಳೆದು, ಅಂಗಣಕ್ಕೆ ಚಿಮುಕಿಸಲು ಇಟ್ಟ ಅದೇ ಡ್ರಮ್ಮಿನ ನೀರನ್ನು ಕೊಡಗಟ್ಟಲೆ ಅವನ ಮೈಮೇಲೆ ಸುರಿಯುತ್ತಿರಿ, ಆ್ಯಂಬುಲೆನ್ಸ್ ಬರುವವರೆಗೂ.