ಪೀಕಾ ಮತ್ತು ಗೋಲ್ಡನ್ ಟೋಡ್: ಬಿಸಿಯ ಏಟು ಎರಡು ದಾರಿಯಲ್ಲಿ

ಭೂಮಿಯ ತಾಪ ಏರಿದ್ದು ಪೀಕಾ ಮತ್ತು ಗೋಲ್ಡನ್ ಟೋಡ್ ಎಂಬ ಎರಡು ಪ್ರಾಣಿಗಳಿಗೆ ಹೇಗೆ ಕುತ್ತು ತಂತು ಅನ್ನೋದು ಪರೀಕ್ಷೆಯ ಪ್ರಶ್ನೆ. 'ಭೂಮಿ ಬಿಸಿಯಾಗಿ ಎರಡಕ್ಕೂ ಕುತ್ತು ಬಂತು' ಎಂದು ಬರೆದು ಮುಗಿಸಿದರೆ ಉತ್ತರ ಅರ್ಧ ಮಾತ್ರ. ಬಿಸಿ ಯಾವ ದಾರಿಯಲ್ಲಿ ಬಂತು ಅನ್ನೋದೇ ಇಲ್ಲಿ ಮುಖ್ಯ.

ಪೀಕಾದ ವಿಷಯ ನೇರ. ಅಮೆರಿಕದ ಪಶ್ಚಿಮ ಬೆಟ್ಟಗಳ ಕಲ್ಲುರಾಶಿಯಲ್ಲಿ ಇರುವ, ಮೊಲದ ಬಳಗದ ಪುಟ್ಟ ಪ್ರಾಣಿ. ತುಪ್ಪಳ ದಪ್ಪ. ಮೈಬಿಸಿ ಸುಮಾರು 40 ಡಿಗ್ರಿ, ಇನ್ನೊಂದು ಮೂರು ಡಿಗ್ರಿ ಏರಿದರೆ ಜೀವಕ್ಕೇ ಅಪಾಯ. ಅದಕ್ಕೇ ಬಿಸಿಲೇರಿದಾಗ ತಂಪಾದ ಕಲ್ಲಿನ ಸಂದಿಗೆ ಇಳಿಯುತ್ತದೆ. ಆದರೆ ಇದು ಚಳಿಗಾಲ ಪೂರ್ತಿ ಮಲಗುವ ಪ್ರಾಣಿ ಅಲ್ಲ, ಬೇಸಿಗೆಯಲ್ಲೇ ಹುಲ್ಲು ಕೂಡಿಡಬೇಕು. ಸಂದಿಯಲ್ಲಿ ಕೂತಷ್ಟು ಹೊತ್ತು ಮೇವು ಕಡಿಮೆ. ಹಿಮ ಕಡಿಮೆ ಬಿದ್ದರೂ ಕಷ್ಟ: ಕಲ್ಲಿನ ಮೇಲಿನ ಹಿಮವೇ ಅದಕ್ಕೆ ಕಂಬಳಿ.

ಗೋಲ್ಡನ್ ಟೋಡ್ ಕೋಸ್ಟಾರಿಕಾದ ಮಾಂಟೆವೆರ್ಡೆಯ ಮೋಡದ ಕಾಡಿನ ಕಪ್ಪೆ. ಗಂಡು ಕಿತ್ತಳೆ ಬಣ್ಣ. 1987ರಲ್ಲಿ 1,500ಕ್ಕೂ ಜಾಸ್ತಿ ಕಂಡಿದ್ದವು. 1989ರಲ್ಲಿ ಒಂದೇ ಒಂದು. ಆಮೇಲೆ ಯಾರ ಕಣ್ಣಿಗೂ ಬಿದ್ದಿಲ್ಲ. ಕಪ್ಪೆಗೆ ತನ್ನದೇ ಮೈಬಿಸಿ ಇಲ್ಲ, ಸುತ್ತಲಿನ ಬಿಸಿಯೇ ಅದರದ್ದು. ಉಸಿರಿಗೆ ಚರ್ಮ ಒದ್ದೆ ಇರಬೇಕು, ಮೊಟ್ಟೆಗೆ ನೀರಿನ ಗುಂಡಿ ಬೇಕು. 1987ರಲ್ಲಿ ಗುಂಡಿಗಳು ಒಣಗಿ ಮೊಟ್ಟೆಗಳು ಹಾಳಾದವು.

ಈಗ ತೊಡಕಿನ ಜಾಗ, ನಿಧಾನವಾಗಿ ಓದಿ. ಕಪ್ಪೆಗಳ ಚರ್ಮಕ್ಕೆ ಹತ್ತುವ ಕೈಟ್ರಿಡ್ ಎಂಬ ಶಿಲೀಂಧ್ರವೂ ಇದರ ಅಳಿವಿಗೆ ಕಾರಣ ಇರಬಹುದು ಎನ್ನುತ್ತಾರೆ. ಅದು ಚೆನ್ನಾಗಿ ಬೆಳೆಯೋದು 17ರಿಂದ 25 ಡಿಗ್ರಿಯಲ್ಲಿ. ಬಿಸಿ ಹೆಚ್ಚಾದರೆ ಅದೇ ಸಾಯುತ್ತದೆ. ಹಾಗಾದರೆ ಬಿಸಿ ಏರಿದಾಗ ರೋಗ ಕಡಿಮೆ ಆಗಬೇಕು, ಅಲ್ವಾ? ಇಲ್ಲಿ ಸರಾಸರಿ ಬಿಟ್ಟು ಹಗಲು, ರಾತ್ರಿ ಬೇರೆ ಬೇರೆ ನೋಡಬೇಕು. 2006ರಲ್ಲಿ ಪೌಂಡ್ಸ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಕೊಟ್ಟ ವಿವರಣೆ ಹೀಗಿದೆ: ಭೂಮಿ ಬಿಸಿಯಾದಂತೆ ಮೋಡ ಜಾಸ್ತಿಯಾಗಿ ಹಗಲಿನ ಬಿಸಿಲು ತಗ್ಗುತ್ತದೆ, ಅದೇ ಮೋಡ ರಾತ್ರಿ ಬಿಸಿಯನ್ನು ಹಿಡಿದಿಡುತ್ತದೆ. ಹಗಲು ಮೇಲಿನಿಂದ ಇಳಿದು, ರಾತ್ರಿ ಕೆಳಗಿನಿಂದ ಏರಿ, ಎರಡೂ ಶಿಲೀಂಧ್ರಕ್ಕೆ ಹಿತವಾದ ಮಟ್ಟದ ಹತ್ತಿರ ಬರುತ್ತವೆ. ಸರಾಸರಿ ಸ್ವಲ್ಪವೇ ಬದಲಾದರೂ ಶಿಲೀಂಧ್ರಕ್ಕೆ ಹಿತವಾದ ಗಂಟೆಗಳು ಜಾಸ್ತಿ ಆಗುತ್ತವೆ.

ಇದನ್ನು ಎಲ್ಲರೂ ಒಪ್ಪಿಲ್ಲ. 2010ರಲ್ಲಿ ಮಾಂಟೆವೆರ್ಡೆಯ ಮರಗಳಿಂದ ಹಳೆಯ ತೇವದ ಲೆಕ್ಕ ತೆಗೆದ ಇಬ್ಬರು ವಿಜ್ಞಾನಿಗಳು, ಆಗಿನ ಒಣಹವೆಗೆ 1986-87ರ ಎಲ್ ನಿನೋ (ಕೆಲವು ವರ್ಷಕ್ಕೊಮ್ಮೆ ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ಹವೆ ಏರುಪೇರಾಗುವುದು) ಕಾರಣ, ನಿಧಾನವಾಗಿ ಏರಿದ ತಾಪವಲ್ಲ ಎಂದರು. ನನಗೆ ಈ ವಾದವೇ ಗಟ್ಟಿ ಅನಿಸುತ್ತದೆ. ಪರೀಕ್ಷೆಯಲ್ಲಿ ಮಾತ್ರ ಎರಡನ್ನೂ ಬರೆಯಿರಿ.