ಅಂಕ[2][3] = 500 ಅಂದಾಗ ನನ್ನ ಸೆಟ್‌ಐಟಂ ಯಾಕೆ ಓಡಲ್ಲ?

ಪ್ರಶ್ನೆ: ಪೈಥಾನ್‌ನಲ್ಲಿ ಅಂಕಪಟ್ಟಿಗೆ ಅಂತ ಒಂದು ಕ್ಲಾಸ್ ಬರೆದಿದ್ದೇನೆ. ಒಳಗಿರುವುದು ಲಿಸ್ಟ್‌ಗಳ ಲಿಸ್ಟ್. 100ಕ್ಕಿಂತ ಜಾಸ್ತಿ ಅಂಕ ಹಾಕಿದರೆ ಎರರ್ ಬರಲಿ ಅಂತ ಸೆಟ್‌ಐಟಂ (__setitem__, ಬ್ರಾಕೆಟ್ ಹಾಕಿ ಬೆಲೆ ಬರೆಯುವಾಗ ಓಡುವ) ಮೆಥಡ್‌ನಲ್ಲಿ ಚೆಕ್ ಇಟ್ಟಿದ್ದೇನೆ. ಆದರೂ ಅಂಕ[2][3] = 500 ಅಂತ ಬರೆದರೆ ಸದ್ದಿಲ್ಲದೆ ಒಳಗೆ ಹೋಗುತ್ತೆ. ಯಾಕೆ?

ಉತ್ತರ: ಯಾಕಂದ್ರೆ ಆ ಸಾಲಿನಲ್ಲಿ ನಿಮ್ಮ ಸೆಟ್‌ಐಟಂಗೆ ಕೆಲಸವೇ ಇಲ್ಲ. ಅದನ್ನೇ ಎರಡು ಸಾಲಾಗಿ ಬರೆದು ನೋಡಿ:

ಸಾಲು = ಅಂಕ[2]
ಸಾಲು[3] = 500

ಕನ್ನಡ ಹೆಸರು ನೋಡಿ ಗಾಬರಿ ಬೇಡ, ಪೈಥಾನ್ 3 ಇದನ್ನು ಹಾಗೇ ಓದುತ್ತದೆ. ಮೊದಲ ಸಾಲು ಬರೀ ಓದುವ ಕೆಲಸ. ಅದಕ್ಕೆ ನಿಮ್ಮ ಕ್ಲಾಸ್‌ನ ಗೆಟ್‌ಐಟಂ (__getitem__, ಓದುವ ಮೆಥಡ್) ಓಡುತ್ತದೆ. ಅದು ನಿಮ್ಮ ಕೈಗೆ ಕೊಡುವುದು ಒಂದು ಮಾಮೂಲಿ ಲಿಸ್ಟ್. ಎರಡನೇ ಸಾಲಿನಲ್ಲಿ ಓಡುವುದು ಆ ಲಿಸ್ಟ್‌ನ ಸೆಟ್‌ಐಟಂ. ಲಿಸ್ಟ್‌ಗೆ 500 ಆದರೇನು, 5 ಆದರೇನು? ಬ್ರಾಕೆಟ್ ಎಷ್ಟೇ ಇರಲಿ, ಕೊನೆಯದಕ್ಕೆ ಮಾತ್ರ ಬರೆಯುವ ಮೆಥಡ್, ಉಳಿದವಕ್ಕೆಲ್ಲ ಓದುವ ಮೆಥಡ್.

ಎಲ್ಲ ಭಾಷೆಯಲ್ಲೂ ಹೀಗೇ ಅಂದುಕೊಳ್ಳಬೇಡಿ. ಮ್ಯಾಟ್‌ಲ್ಯಾಬ್ ಭಾಷೆಯಲ್ಲಿ ಬರೆಯುವ ಕೆಲಸದ ಸಬ್ಸ್‌ಅಸೈನ್ (subsasgn) ಮೆಥಡ್ ಅನ್ನು ನಿಮ್ಮ ಕ್ಲಾಸ್‌ಗೆ ನೀವೇ ಬರೆದುಕೊಂಡರೆ ಇಂಡೆಕ್ಸ್‌ಗಳ ಇಡೀ ಸರಪಳಿ ಒಟ್ಟಿಗೆ ಅದರ ಕೈಗೆ ಬರುತ್ತದೆ. ಅಧಿಕಾರ ಜಾಸ್ತಿ, ತಲೆನೋವೂ ಜಾಸ್ತಿ.

ನಿಮಗೆ ಸುಲಭದ ದಾರಿ ಅಂದರೆ ಕಾಮಾ. ಅಂಕ[2, 3] = 500 ಅಂತ ಬರೆಯಿರಿ. ಆಗ ಇರುವುದು ಒಂದೇ ಬ್ರಾಕೆಟ್. 2 ಮತ್ತು 3 ಸೇರಿ ಒಂದು ಟ್ಯೂಪಲ್ (ಬದಲಿಸಲಾಗದ ಪಟ್ಟಿ) ಆಗಿ, ಕೀ ಎಂಬ ಪ್ಯಾರಾಮೀಟರ್‌ನಲ್ಲಿ ನಿಮ್ಮ ಸೆಟ್‌ಐಟಂಗೇ ನೇರವಾಗಿ ಬರುತ್ತವೆ. ಮೆಥಡ್‌ನ ಮೊದಲ ಸಾಲಲ್ಲೇ ಬಿಡಿಸಿಕೊಳ್ಳಿ:

ಸಾಲು, ಕಾಲಂ = ಕೀ

ಪೈಥಾನ್‌ನ ಲೆಕ್ಕದ ಲೈಬ್ರರಿ ನಂಪೈ ಕೂಡ ಇದೇ ರೂಢಿ ಇಟ್ಟುಕೊಂಡಿದೆ. ಅಂಕ[2, 3] += 5 ಅಂದರೂ ಚೆಕ್ ತಪ್ಪಲ್ಲ. ಪೈಥಾನ್ ಮೊದಲು ಗೆಟ್‌ಐಟಂನಿಂದ ಓದಿ, ಕೂಡಿಸಿ, ಆಮೇಲೆ ಸೆಟ್‌ಐಟಂನಿಂದಲೇ ಬರೆಯುತ್ತದೆ.

ಹಳೇ ಅಂಕ[2][3] ಶೈಲಿಯನ್ನು ಯಾರೂ ಬಳಸಬಾರದು ಅಂದ್ರೆ, ಗೆಟ್‌ಐಟಂನಲ್ಲಿ ಲಿಸ್ಟ್ ಬದಲು ಟ್ಯೂಪಲ್ ಕೊಡಿ. ಬರೆಯಲು ಹೋದವರಿಗೆ ಅಲ್ಲೇ ಟೈಪ್‌ಎರರ್ ಬರುತ್ತದೆ. ಸಾಲಿಗೇ ಬೇರೆ ಕ್ಲಾಸ್ ಮಾಡಿ ಅದರಲ್ಲಿ ಚೆಕ್ ಇಡುವವರೂ ಇದ್ದಾರೆ. ಇಷ್ಟು ಚಿಕ್ಕ ಕೆಲಸಕ್ಕೆ ಅದು ಸುಮ್ನೆ ಭಾರ ಅಂತ ನನಗನ್ನಿಸುತ್ತದೆ.

ಇನ್ನೊಂದು ಕಡೆಯೂ ಇದೇ ಥರ ಚೆಕ್ ತಪ್ಪುತ್ತದೆ. ಡಿಕ್ಟ್‌ನಿಂದ (ಪೈಥಾನ್‌ನ ಕೀ-ಬೆಲೆ ಜೋಡಿಗಳ ಸಂಗ್ರಹ) ಇನ್ಹೆರಿಟ್ ಮಾಡಿ ಸೆಟ್‌ಐಟಂ ಬದಲಿಸಿದರೆ, ಅನೇಕ ಜೋಡಿಗಳನ್ನು ಒಟ್ಟಿಗೆ ಸೇರಿಸುವ ಅಪ್‌ಡೇಟ್ ಮೆಥಡ್ ಅದನ್ನು ಕರೆಯುವುದೇ ಇಲ್ಲ. ಅಲ್ಲಿ ಡಿಕ್ಟ್ ಬದಲು ಕಲೆಕ್ಷನ್ಸ್ ಮಾಡ್ಯೂಲ್‌ನ ಯೂಸರ್‌ಡಿಕ್ಟ್‌ನಿಂದ ಇನ್ಹೆರಿಟ್ ಮಾಡಿ.