ಶಾಲೆ ಯಾರ ಕೈಯಲ್ಲಿರಬೇಕು? ಅಮೆರಿಕದ ಚುನಾವಣೆಗಳಲ್ಲಿ ಮುಗಿಯದ ಜಗಳ

ಅಮೆರಿಕದಲ್ಲಿ ಅಧ್ಯಕ್ಷ ಚುನಾವಣೆ ಬಂತೆಂದರೆ, ಶಾಲೆಗಳನ್ನು ವಾಷಿಂಗ್ಟನ್ ಹಿಡಿತದಿಂದ ಬಿಡಿಸುತ್ತೇವೆ ಎನ್ನುವ ಭರವಸೆಯೂ ಬಂತು ಅಂತಲೇ ಅರ್ಥ. 1980ರಲ್ಲಿ ರೊನಾಲ್ಡ್ ರೇಗನ್ ಕೇಂದ್ರ ಶಿಕ್ಷಣ ಇಲಾಖೆ ಮುಚ್ಚುತ್ತೇನೆ ಎಂದರು. ಆ ಇಲಾಖೆ ಶುರುವಾಗಿ ಆಗ ಇನ್ನೂ ವರ್ಷವೂ ಆಗಿರಲಿಲ್ಲ. 2024ರಲ್ಲಿ ಡೊನಾಲ್ಡ್ ಟ್ರಂಪ್ ಕೂಡ ಅದನ್ನೇ ಹೇಳಿದರು. ನಡುವೆ 44 ವರ್ಷ ಕಳೆದಿವೆ. ಮಕ್ಕಳು ಏನು ಕಲಿಯಬೇಕು ಅನ್ನುವುದನ್ನು ಇಡೀ ದೇಶಕ್ಕೆ ಒಟ್ಟಾಗಿ ಗೊತ್ತು ಮಾಡಬೇಕೋ, ಅಥವಾ ಆಯಾ ಊರಿಗೆ ಬಿಡಬೇಕೋ ಅನ್ನುವ ಜಗಳ ಮಾತ್ರ ಹಾಗೇ ಇದೆ.

ಅಲ್ಲಿನ ಸಂವಿಧಾನದಲ್ಲಿ ಶಿಕ್ಷಣದ ಪ್ರಸ್ತಾಪವೇ ಇಲ್ಲ. ಕೇಂದ್ರಕ್ಕೆ ಕೊಡದ ಅಧಿಕಾರವೆಲ್ಲ ರಾಜ್ಯಗಳದ್ದು ಅಥವಾ ಜನರದ್ದು ಎನ್ನುತ್ತದೆ 1791ರ ಹತ್ತನೇ ತಿದ್ದುಪಡಿ. ನಮ್ಮಲ್ಲಿ 1976ರ 42ನೇ ತಿದ್ದುಪಡಿ ಶಿಕ್ಷಣವನ್ನು ರಾಜ್ಯ ಪಟ್ಟಿಯಿಂದ ಸಮವರ್ತಿ ಪಟ್ಟಿಗೆ ತಂದಿತು. ಅಲ್ಲಿ ಅಂಥದ್ದೇನೂ ನಡೆಯಲಿಲ್ಲ. ದೇಶದ ತುಂಬ 13,000ಕ್ಕೂ ಹೆಚ್ಚು ಸ್ಕೂಲ್ ಡಿಸ್ಟ್ರಿಕ್ಟ್‌ಗಳಿವೆ, ಅಂದರೆ ಆಯಾ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಘಟಕಗಳು. ಬಹುತೇಕ ಕಡೆ ಜನ ಮತ ಹಾಕಿ ಆರಿಸಿದ ಸ್ಕೂಲ್ ಬೋರ್ಡ್ ಇರುತ್ತದೆ. ಶಾಲೆಯ ಖರ್ಚಿನಲ್ಲಿ ಕೇಂದ್ರದ ಪಾಲು ನೂರಕ್ಕೆ ಹತ್ತರ ಆಸುಪಾಸು, ಅಷ್ಟೆ. ಉಳಿದದ್ದು ರಾಜ್ಯದ ಹಣ ಮತ್ತು ಆ ಊರಿನ ಮನೆ ತೆರಿಗೆ.

ಊರಿನವರ ಹಿಡಿತ ಅನ್ನುವುದು ಕೇಳಲು ಚೆನ್ನಾಗಿದೆ. ಆದರೆ ಅದಕ್ಕೊಂದು ಕಹಿ ಚರಿತ್ರೆಯಿದೆ. ಕಪ್ಪು ಮಕ್ಕಳಿಗೆ, ಬಿಳಿ ಮಕ್ಕಳಿಗೆ ಬೇರೆ ಬೇರೆ ಶಾಲೆ ಇರಕೂಡದು ಎಂದು 1954ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಅದಕ್ಕೆ ಒಪ್ಪಲಿಲ್ಲ. ಒಟ್ಟಿಗೆ ಕೂರಿಸಲೇಬೇಕು ಎಂದು ಕೋರ್ಟ್ ಪಟ್ಟು ಹಿಡಿದಾಗ, 1959ರಲ್ಲಿ ಸರ್ಕಾರಿ ಶಾಲೆಗಳನ್ನೇ ಮುಚ್ಚಿಬಿಟ್ಟಿತು. ಬಿಳಿಯರ ಮಕ್ಕಳಿಗೆ ಖಾಸಗಿ ಶಾಲೆ ತೆರೆದರು. ಕಪ್ಪು ಮಕ್ಕಳಲ್ಲಿ ಎಷ್ಟೋ ಜನ 1964ರವರೆಗೆ ಶಾಲೆಯ ಮುಖವನ್ನೇ ನೋಡಲಿಲ್ಲ. ಇದನ್ನು ಮಾಡಿದ್ದು ವಾಷಿಂಗ್ಟನ್ ಅಲ್ಲ. ಅದೇ ಊರಿನ ಜನ, ಊರಿನ ಅಧಿಕಾರವನ್ನೇ ಬಳಸಿ ಮಾಡಿದ್ದು. ಸ್ಥಳೀಯ ಹಿಡಿತ ಎಂಬ ಮಾತು ಕೇಳಿದೊಡನೆ ಅಲ್ಲಿನ ಕಪ್ಪು ಸಮುದಾಯದ ಹಿರಿಯರು ಯಾಕೆ ಹುಷಾರಾಗುತ್ತಾರೆ ಅನ್ನುವುದು ಇಲ್ಲಿ ಅರ್ಥವಾಗುತ್ತದೆ.

ಕೇಂದ್ರ ದೊಡ್ಡ ಮೊತ್ತದೊಂದಿಗೆ ಶಾಲೆಯೊಳಗೆ ಕಾಲಿಟ್ಟಿದ್ದು 1965ರಲ್ಲಿ. ಅಧ್ಯಕ್ಷ ಲಿಂಡನ್ ಜಾನ್ಸನ್ ಟೆಕ್ಸಾಸ್‌ನಲ್ಲಿ ತಾವು ಓದಿದ ಒಂದೇ ಕೋಣೆಯ ಶಾಲೆಯ ಮುಂದೆ, ತಮ್ಮ ಮೊದಲ ಟೀಚರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದಕ್ಕಾಗಿ ತಂದ ಕಾಯ್ದೆಗೆ ಸಹಿ ಹಾಕಿದರು. ಬಡ ಮಕ್ಕಳು ಹೆಚ್ಚಿರುವ ಶಾಲೆಗಳಿಗೆ ಕೇಂದ್ರದ ಹಣ ಹರಿಯತೊಡಗಿತು. ಏನು ಕಲಿಸಬೇಕು ಅನ್ನುವುದಕ್ಕೆ ಅದು ಕೈ ಹಾಕಲಿಲ್ಲ.

ಆ ಮಾತು ಎದ್ದದ್ದು 1983ರಲ್ಲಿ. ಅಮೆರಿಕದ ಶಾಲೆಗಳ ಮಟ್ಟ ಕುಸಿಯುತ್ತಿದೆ, ದೇಶವೇ ಅಪಾಯದಲ್ಲಿದೆ ಎಂದು ರೇಗನ್ ಸರ್ಕಾರವೇ ನೇಮಿಸಿದ ಆಯೋಗ ಎಚ್ಚರಿಸಿತು. ಇಲಾಖೆ ಮುಚ್ಚಲು ಹೊರಟವರ ಕಾಲದಲ್ಲೇ ರಾಷ್ಟ್ರೀಯ ಮಟ್ಟದ ಗುರಿ ಬೇಕೆಂಬ ಕೂಗು ಶುರುವಾಯಿತು. 1989ರಲ್ಲಿ ಷಾರ್ಲಟ್ಸ್‌ವಿಲ್‌ನಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಗವರ್ನರ್‌ಗಳನ್ನು, ಅಂದರೆ ರಾಜ್ಯಗಳ ಚುನಾಯಿತ ಮುಖ್ಯಸ್ಥರನ್ನು ಸೇರಿಸಿದರು. ಗುರಿಗಳನ್ನು ರೂಪಿಸಲು ಮುಂದೆ ನಿಂತವರಲ್ಲಿ ಅರ್ಕನ್ಸಾಸ್‌ನ ಡೆಮಾಕ್ರಟಿಕ್ ಗವರ್ನರ್ ಬಿಲ್ ಕ್ಲಿಂಟನ್ ಒಬ್ಬರು. ಆಗ ಇದು ಪಕ್ಷದ ಜಗಳವೇ ಆಗಿರಲಿಲ್ಲ. ಆಮೇಲೆ ಇತಿಹಾಸ ಪಾಠಕ್ಕೆ ರಾಷ್ಟ್ರೀಯ ಮಾನದಂಡ ಬರೆದಾಗ ಗಲಾಟೆ ಎದ್ದಿತು. 1995ರ ಜನವರಿಯಲ್ಲಿ ಸೆನೆಟ್ 99-1 ಮತಗಳಿಂದ ಅದನ್ನು ಖಂಡಿಸಿತು. ದೇಶದ ಚರಿತ್ರೆಯನ್ನು ಯಾರ ಕಣ್ಣಿಂದ ಹೇಳಬೇಕು ಅನ್ನುವ ಪ್ರಶ್ನೆ ಬಂದರೆ ಯಾವ ದೇಶದಲ್ಲೂ ಹೀಗೇ, ಅಲ್ವಾ?

ಕಿರಿಯ ಬುಷ್ 2002ರಲ್ಲಿ ತಂದ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಕಾಯ್ದೆ ಪರೀಕ್ಷೆಯ ದಾರಿ ಹಿಡಿಯಿತು. 3ರಿಂದ 8ನೇ ತರಗತಿಯವರೆಗೆ ಪ್ರತಿ ವರ್ಷ ಓದು, ಗಣಿತದ ಪರೀಕ್ಷೆ. 2014ರೊಳಗೆ ಎಲ್ಲ ಮಕ್ಕಳೂ ಪಾಸಾಗಬೇಕು. ಆದರೆ ಎಷ್ಟು ಬಂದರೆ ಪಾಸು ಅನ್ನುವುದನ್ನು ಗೊತ್ತು ಮಾಡುವುದು ರಾಜ್ಯಗಳೇ! ಕೆಲವು ರಾಜ್ಯಗಳು ಪಾಸಿನ ಗೆರೆಯನ್ನೇ ಕೆಳಕ್ಕೆ ಎಳೆದವು. ಮಿಸಿಸಿಪ್ಪಿಯನ್ನೇ ನೋಡಿ. 2005ರಲ್ಲಿ ಆ ರಾಜ್ಯದ ಸ್ವಂತ ಪರೀಕ್ಷೆಯಲ್ಲಿ 4ನೇ ತರಗತಿಯ ಶೇ. 89ರಷ್ಟು ಮಕ್ಕಳು ಓದಿನಲ್ಲಿ ತೇರ್ಗಡೆ. ಅದೇ ವರ್ಷ ದೇಶಕ್ಕೆಲ್ಲ ಒಂದೇ ಆಗಿರುವ 'ನೇಪ್' ಪರೀಕ್ಷೆಯಲ್ಲಿ ಆ ಮಟ್ಟ ಮುಟ್ಟಿದವರು ಶೇ. 18.

ಈ ಅಂತರವನ್ನು ತೋರಿಸಿಯೇ ಕಾಮನ್ ಕೋರ್ ಬಂತು, ಅಂದರೆ ಯಾವ ತರಗತಿಯಲ್ಲಿ ಮಗು ಏನು ಕಲಿತಿರಬೇಕು ಅನ್ನುವುದಕ್ಕೆ ರಾಜ್ಯಗಳಿಗೆಲ್ಲ ಒಂದೇ ಮಾನದಂಡ. ಬರೆಸಿದ್ದು ವಾಷಿಂಗ್ಟನ್ ಅಲ್ಲ. ಗವರ್ನರ್‌ಗಳ ಸಂಘ ಮತ್ತು ರಾಜ್ಯ ಶಿಕ್ಷಣ ಮುಖ್ಯಸ್ಥರ ಮಂಡಳಿ ಸೇರಿ, ಗೇಟ್ಸ್ ಫೌಂಡೇಶನ್ ದುಡ್ಡಿನ ನೆರವಿನಲ್ಲಿ ಬರೆಸಿದವು. ಇಂಗ್ಲಿಷ್ ಮತ್ತು ಗಣಿತ, ಎರಡೇ ವಿಷಯ. 2010ರ ಜೂನ್‌ನಲ್ಲಿ ಅದು ಹೊರಬಂತು. ಆರ್ಥಿಕ ಕುಸಿತದಿಂದ ರಾಜ್ಯಗಳ ಖಜಾನೆ ಖಾಲಿಯಾಗಿದ್ದ ಹೊತ್ತು ಅದು. ಒಬಾಮ ಸರ್ಕಾರ ರಾಜ್ಯಗಳಿಗೆ 435 ಕೋಟಿ ಡಾಲರ್‌ ಅನುದಾನದ ಸ್ಪರ್ಧೆ ಇಟ್ಟಿತ್ತು. ಅರ್ಜಿಗೆ ಒಟ್ಟು 500 ಅಂಕ. ಅದರಲ್ಲಿ 40 ಅಂಕ ಇಂಥ ಸಮಾನ ಮಾನದಂಡ ಒಪ್ಪಿಕೊಂಡವರಿಗೆ. ನೋಡನೋಡುತ್ತಿದ್ದಂತೆ 40ಕ್ಕೂ ಹೆಚ್ಚು ರಾಜ್ಯಗಳು ಒಪ್ಪಿದವು. ನನ್ನ ಮಟ್ಟಿಗೆ ಎಡವಿದ್ದು ಇಲ್ಲೇ. ಒಳ್ಳೆಯ ಕೆಲಸವೇ ಇರಬಹುದು, ಆದರೆ ಊರೂರಲ್ಲಿ ಜನರೊಡನೆ ಮಾತಾಡಿ ಆಗಬೇಕಾದದ್ದು ಹಣದ ಆಸೆಗೆ, ಗಡುವಿನ ಅವಸರಕ್ಕೆ ಆಗಿಹೋಯಿತು.

ಅಪ್ಪ ಅಮ್ಮಂದಿರಿಗೆ ಇದು ತಟ್ಟಿದ್ದು ಹೋಂವರ್ಕ್‌ನಲ್ಲಿ. 43ರಲ್ಲಿ 27 ಕಳೆಯಬೇಕು ಅಂದುಕೊಳ್ಳಿ. ನಾವೆಲ್ಲ ಪಕ್ಕದ ಮನೆಯಿಂದ ಹತ್ತು ಸಾಲ ತಂದು ಕಳೆದವರು. ಮಗುವಿನ ಹಾಳೆಯಲ್ಲಿ ಬೇರೆಯೇ ಇತ್ತು. 27ಕ್ಕೆ 3 ಸೇರಿಸಿದರೆ 30, 10 ಸೇರಿಸಿದರೆ 40, ಇನ್ನೂ 3 ಸೇರಿಸಿದರೆ 43. ಸೇರಿಸಿದ್ದೆಲ್ಲ ಕೂಡಿದರೆ 16. ಅಂಗಡಿಯವರು ಚಿಲ್ಲರೆ ಎಣಿಸಿ ಕೊಡುವಂತೆಯೇ ಇದು. ಆದರೆ ಒಂದು ಸಣ್ಣ ಲೆಕ್ಕಕ್ಕೆ ಇಷ್ಟೊಂದು ಹೆಜ್ಜೆ ಯಾಕೆ ಎಂದು ಪೋಷಕರು ಸಿಟ್ಟಾದರು. ಹಾಳೆಯ ಫೋಟೋಗಳು ಫೇಸ್‌ಬುಕ್ ತುಂಬ ಹರಡಿದವು. ನಿಜವಾಗಿ ಹಳೆಯ ಕಳೆಯುವ ಪದ್ಧತಿ ಕಾಮನ್ ಕೋರ್‌ನಲ್ಲೇ ಇದೆ, 4ನೇ ತರಗತಿಯಲ್ಲಿ. ಅದನ್ನು ಯಾರೂ ಸರಿಯಾಗಿ ವಿವರಿಸಿ ಹೇಳಲಿಲ್ಲ. ಜೊತೆಗೆ ಪರೀಕ್ಷೆಯ ಅಂಕವನ್ನು ಟೀಚರ್‌ಗಳ ಮೌಲ್ಯಮಾಪನಕ್ಕೂ ತಳುಕು ಹಾಕಿದ್ದರಿಂದ ಶಿಕ್ಷಕರ ಸಂಘಗಳೂ ತಿರುಗಿಬಿದ್ದವು. 2015ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಐವರಲ್ಲಿ ಒಂದು ಮಗು ಪರೀಕ್ಷೆಗೇ ಕೂರಲಿಲ್ಲ.

ಅಷ್ಟು ಹೊತ್ತಿಗೆ 2016ರ ಚುನಾವಣೆಯ ಗಾಳಿ ಬೀಸತೊಡಗಿತ್ತು. ರಿಪಬ್ಲಿಕನ್ ಪಕ್ಷದ ಟಿಕೆಟ್‌ಗೆ ಹಲವರು ಮುಂದೆ ಬಂದರು. ಅವರಲ್ಲಿ ಲೂಸಿಯಾನದ ಗವರ್ನರ್ ಬಾಬಿ ಜಿಂದಾಲ್ ಮೊದಲು ಕಾಮನ್ ಕೋರ್ ಒಪ್ಪಿದ್ದವರು. 2014ರಲ್ಲಿ ಅದರ ವಿಷಯಕ್ಕೇ ಕೇಂದ್ರದ ಮೇಲೆ ಕೇಸು ಹಾಕಿದರು. ನ್ಯೂಜೆರ್ಸಿಯ ಗವರ್ನರ್ ಕ್ರಿಸ್ ಕ್ರಿಸ್ಟಿ 2015ರ ಮೇ ತಿಂಗಳಲ್ಲಿ ಕೈಬಿಟ್ಟರು. ಅದರಲ್ಲಿ ಒಂದೇ ಒಂದು ಪದವೂ ಉಳಿಯದಂತೆ ಮಾಡುತ್ತೇನೆ ಎಂದು ಟೆಡ್ ಕ್ರೂಜ್ ಹೇಳಿಕೊಂಡು ತಿರುಗಿದರು, ಅದು ಕೇಂದ್ರದ ಕಾಯ್ದೆಯೇ ಅಲ್ಲದಿದ್ದರೂ. ರಿಪಬ್ಲಿಕನ್ನರಲ್ಲಿ ಜೆಬ್ ಬುಷ್ ಮತ್ತು ಜಾನ್ ಕೇಸಿಕ್ ಮಾತ್ರ ಹೆಚ್ಚು ಕಡಿಮೆ ತಮ್ಮ ಮಾತಿಗೆ ಅಂಟಿಕೊಂಡರು. ಇಬ್ಬರೂ ಸೋತರು. ಡೆಮಾಕ್ರಟಿಕ್ ಕಡೆ ಹಿಲರಿ ಕ್ಲಿಂಟನ್ ಬೆಂಬಲಿಸಿದರು, ಆದರೆ ಅದನ್ನು ಎತ್ತಿ ಆಡಲಿಲ್ಲ. ಟ್ರಂಪ್ ಅದನ್ನು ಮಹಾ ಅನಾಹುತ ಎಂದು ಕರೆದು, ಶಿಕ್ಷಣ ಊರಿನ ಮಟ್ಟದಲ್ಲಿರಬೇಕು ಎಂದರು.

ಗಮನಿಸಿ, ಅವರೆಲ್ಲ ಭಾಷಣ ಮಾಡುತ್ತಿದ್ದಾಗಲೇ ಸಂಸತ್ತು ಕೆಲಸ ಮುಗಿಸಿತ್ತು. 2015ರ ಡಿಸೆಂಬರ್‌ನಲ್ಲಿ ಒಬಾಮ ಸಹಿ ಹಾಕಿದ 'ಎವ್ರಿ ಸ್ಟೂಡೆಂಟ್ ಸಕ್ಸೀಡ್ಸ್' ಕಾಯ್ದೆ, ಇಂಥದ್ದೇ ಮಾನದಂಡ ಒಪ್ಪಿಕೊಳ್ಳಿ ಎಂದು ಕೇಂದ್ರ ಒತ್ತಾಯಿಸುವಂತಿಲ್ಲ, ಹಣದ ಆಸೆಯನ್ನೂ ತೋರಿಸುವಂತಿಲ್ಲ ಎಂದು ಬರೆದುಬಿಟ್ಟಿತು. ಸೆನೆಟ್‌ನಲ್ಲಿ 85-12 ಮತ. ವಾರ್ಷಿಕ ಪರೀಕ್ಷೆ ಉಳಿಯಿತು. ಕೆಲವು ರಾಜ್ಯಗಳು ಕಾಮನ್ ಕೋರ್ ಬಿಟ್ಟವು, ಹಲವು ಕಡೆ ಹೆಸರು ಮಾತ್ರ ಬದಲಾಗಿ ಒಳಗಿನದು ಬಹುಪಾಲು ಹಾಗೇ ಉಳಿಯಿತು.

2025ರ ಮಾರ್ಚ್ 20ರಂದು ಇಲಾಖೆ ಮುಚ್ಚುವ ಕೆಲಸ ಶುರುಮಾಡಿ ಎಂದು ಟ್ರಂಪ್ ಆದೇಶ ಹೊರಡಿಸಿದರು. ಪೂರ್ತಿ ಮುಚ್ಚಲು ಸಂಸತ್ತೇ ಕಾನೂನು ಮಾಡಬೇಕು. ಅದೇ ವರ್ಷದ ಜನವರಿಯಲ್ಲಿ, ಜನಾಂಗ ಮತ್ತು ಲಿಂಗದ ವಿಷಯದಲ್ಲಿ ತಮಗೆ ಒಪ್ಪಿಗೆಯಿಲ್ಲದ ಪಾಠ ಮಾಡುವ ಶಾಲೆಗಳಿಗೆ ಕೇಂದ್ರದ ಹಣ ನಿಲ್ಲಿಸುವ ದಾರಿ ಹುಡುಕಿ ಎಂದೂ ಅವರೇ ಆದೇಶ ಕೊಟ್ಟಿದ್ದರು. ಹಣ ಮುಂದಿಟ್ಟು ಪಾಠ ಬದಲಿಸುವುದನ್ನು ಒಬಾಮ ಮಾಡಿದರೆ ತಪ್ಪು, ತಾವು ಮಾಡಿದರೆ ಸರಿ ಅನ್ನುವುದು ನ್ಯಾಯವಲ್ಲ.

ಇಷ್ಟೆಲ್ಲದರಲ್ಲಿ ವೇದಿಕೆಯ ಮೇಲೆ ಹೆಚ್ಚು ಕೇಳಿಸದ ಮಾತು ಮನೆ ತೆರಿಗೆಯದ್ದು. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ 1967-68ರಲ್ಲಿ ಬಡವರ ಎಡ್ಜ್‌ವುಡ್ ಡಿಸ್ಟ್ರಿಕ್ಟ್‌ಗೆ ಒಂದು ಮಗುವಿಗೆ ಖರ್ಚು ಮಾಡಲು ಇದ್ದದ್ದು 356 ಡಾಲರ್. ಅದೇ ನಗರದ ಉಳ್ಳವರ ಅಲಾಮೊ ಹೈಟ್ಸ್‌ಗೆ 594. ಎಡ್ಜ್‌ವುಡ್‌ನ ಪೋಷಕರು ಕೋರ್ಟಿಗೆ ಹೋದರು. 1973ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಅವರ ವಿರುದ್ಧ ತೀರ್ಪು ಕೊಟ್ಟಿತು. ಕೊಟ್ಟ ಕಾರಣಗಳಲ್ಲಿ ಸ್ಥಳೀಯ ಹಿಡಿತವೂ ಒಂದು. ಎರಡೂ ಕಡೆಯ ಮಕ್ಕಳಿಗೆ ಒಂದೇ ಮಾನದಂಡ ಇಟ್ಟರೂ, ಇಡದಿದ್ದರೂ, ಈ ಅಂತರ ತಾನಾಗಿ ಮುಚ್ಚುವುದಿಲ್ಲ. ಆಮೇಲೆ ಹಲವು ರಾಜ್ಯಗಳ ಕೋರ್ಟುಗಳು ಹಣ ಹಂಚುವ ರೀತಿ ಬದಲಿಸಿದವು. ಆದರೂ ಅಲ್ಲಿರುವ ನಮ್ಮ ಕನ್ನಡ ಕುಟುಂಬಗಳು ಈಗಲೂ ಮನೆ ಹುಡುಕುವಾಗ ಮೊದಲು ಸ್ಕೂಲ್ ಡಿಸ್ಟ್ರಿಕ್ಟ್ ನೋಡುತ್ತವೆ. ಒಳ್ಳೆಯ ಶಾಲೆಯ ಪಕ್ಕದ ಮನೆಗೆ ಬೆಲೆ ಜಾಸ್ತಿ. ಬೆಲೆ ಜಾಸ್ತಿ ಇದ್ದಲ್ಲಿ ತೆರಿಗೆಯೂ ಜಾಸ್ತಿ ಬರುತ್ತದೆ.

ಅಧ್ಯಕ್ಷ ಯಾರೇ ಆದರೂ ಹೆಚ್ಚಿನ ಕಡೆ ಪಾಠದ ಗುರಿಗಳಿಗೆ ಒಪ್ಪಿಗೆ ಕೊಡುವುದು ರಾಜ್ಯದ ಶಿಕ್ಷಣ ಮಂಡಳಿ. ಶಾಲೆ ಕಟ್ಟಲು ಸಾಲಪತ್ರ ಎತ್ತಬೇಕೇ, ತೆರಿಗೆ ಏರಿಸಬೇಕೇ ಎಂಬ ಪ್ರಶ್ನೆ ಎಷ್ಟೋ ಊರುಗಳಲ್ಲಿ ನೇರವಾಗಿ ಮತಪತ್ರದಲ್ಲೇ ಇರುತ್ತದೆ. ಪೌರತ್ವ ಇಲ್ಲದವರು ಮತ ಹಾಕಲಾಗದಿದ್ದರೂ ಸ್ಕೂಲ್ ಬೋರ್ಡ್ ಸಭೆಗೆ ಹೋಗಿ ಕೂರಬಹುದು, ಸಾರ್ವಜನಿಕರ ಮಾತಿಗೆ ಇಟ್ಟ ಸಮಯದಲ್ಲಿ ಎದ್ದು ಮಾತಾಡಬಹುದು. ಸ್ಯಾನ್ ಫ್ರಾನ್ಸಿಸ್ಕೋ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ ಪೌರತ್ವ ಇಲ್ಲದ ಪೋಷಕರಿಗೂ 2018ರಿಂದ ಸ್ಕೂಲ್ ಬೋರ್ಡ್ ಚುನಾವಣೆಯಲ್ಲಿ ಮತವಿದೆ.